ಎಡಗೈ ಯಾರದು?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಬೆಳಗ್ಗೆ ಹತ್ತಿಕೊಂಡ ಜಗಳ ರಾತ್ರಿ ಹತ್ತಾದರೂ ಆರಲಿಲ್ಲ. ಹೆಸರುಗಳು ನನ್ನ ಫೋನಿನಲ್ಲಿ ಹೇಗಿವೆಯೋ ಹಾಗೇ ಇಟ್ಟಿದ್ದೇನೆ. ಶುಭೋದಯದ ಹೂವು, ಕೈಮುಗಿಯುವ ಬೊಂಬೆ ಎಲ್ಲ ಕಿತ್ತುಹಾಕಿದ್ದೇನೆ. ದೊಡ್ಡಪ್ಪ, ಸಣ್ಣತ್ತೆ ಚಿಕ್ಕಂದಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಪಿಯಾನೋ ಕಲಿತವರು. ಪುಟ್ಟಿ ಅಕ್ಕನ ಮಗಳು, ಐದು ವರ್ಷದಿಂದ ಕಲಿಯುತ್ತಿದ್ದಾಳೆ. ನಾನು ಬರೀ ಕೇಳುವವನು. ಜಗಳ ಹತ್ತಿಸಿದ್ದು ಪುಟ್ಟಿ ಹಾಕಿದ ವಿಡಿಯೋ: ಇಬ್ಬರು ಒಂದೇ ಪಿಯಾನೋ ಮುಂದೆ ಕೂತು ಮೊಜಾರ್ಟ್ ನುಡಿಸುತ್ತಾ ನಡುವೆ ಬೂಗಿ ವೂಗಿಗೆ ಹಾರುತ್ತಾರೆ. ಎಡಗೈ ಒಂದೇ ವರಸೆಯನ್ನು ಬಿಡದೆ ತಿರುಗಿಸುವ, ಕುಣಿಸುವ ಪಿಯಾನೋ ಸಂಗೀತ ಅದು.

ಪುಟ್ಟಿ: (ವಿಡಿಯೋ, 4:12)

ಪುಟ್ಟಿ: ಎಲ್ರೂ ನೋಡಿ. 1:50ಕ್ಕೆ ಏನಾಗತ್ತೆ ನೋಡಿ!!

ಅಕ್ಕ: ಒಂದೇ ಪಿಯಾನೋಗೆ ಇಬ್ರಾ? ಮೊಣಕೈ ತಾಗಲ್ವಾ

ಭಾವ: ಸೂಪರ್ 👏👏

ದೊಡ್ಡಪ್ಪ: ನೋಡಿದೆ. ಮೊದಲಿಗೆ ಬರುವುದು ಮೊಜಾರ್ಟ್‌ನ ನಾಲ್ಕು ಕೈಗಳ ಸೊನಾಟಾ, ಕೆ 381, ನಡುವಿನ ಆಂದಾಂತೆ, ಅಂದರೆ ನಿಧಾನದ ಭಾಗ. ಬಹಳ ಹದವಾಗಿ ನುಡಿಸುತ್ತಿದ್ದರು. ಆಮೇಲೆ ಮೈಮೇಲೆ ಏನು ಬಂತೋ. ಇಷ್ಟು ವರ್ಷ ಸಾಧನೆ ಮಾಡಿ ಕೊನೆಗೆ ಹೀಗೆ ಕುಟ್ಟುವುದಾದರೆ ಕಲಿಯುವುದಾದರೂ ಏಕೆ?

ಪುಟ್ಟಿ: ದೊಡ್ಡಜ್ಜ ಅದು ಬೂಗಿ ವೂಗಿ

ದೊಡ್ಡಪ್ಪ: ಗೊತ್ತಿದೆ ಮಗು. ಹೆಸರಿನಲ್ಲೇ ಅದರ ಯೋಗ್ಯತೆ ಇದೆ.

ನಾನು: ದೊಡ್ಡಪ್ಪ, ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. 1938ರ ಡಿಸೆಂಬರ್ 23ಕ್ಕೆ ಆಲ್ಬರ್ಟ್ ಆಮನ್ಸ್, ಪೀಟ್ ಜಾನ್ಸನ್, ಮೀಡ್ ಲಕ್ಸ್ ಲೂಯಿಸ್ ಮೂರೂ ಜನ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಇದನ್ನೇ ನುಡಿಸಿದ್ದು. ಆಮನ್ಸ್, ಲೂಯಿಸ್ ಇಬ್ಬರೂ ಅದಕ್ಕೆ ಮುಂಚೆ ಷಿಕಾಗೋದಲ್ಲಿ ಟ್ಯಾಕ್ಸಿ ಓಡಿಸ್ತಿದ್ರು.

ದೊಡ್ಡಪ್ಪ: ಬಾಡಿಗೆ ಕೊಟ್ಟರೆ ಕಾರ್ನೆಗಿ ಹಾಲ್ ಯಾರಿಗಾದರೂ ಬಾಗಿಲು ತೆಗೆಯುತ್ತದೆ.

ಅಕ್ಕ: 😂 ಇದಕ್ಕೇನಂತೀಯೋ

ಭಾವ: (ಫಾರ್ವರ್ಡ್) ನಿಮಗೆ ಗೊತ್ತೇ?? ಬೂಗಿ ವೂಗಿ ಕಂಡುಹಿಡಿದದ್ದು ಬೀಥೋವನ್!! 1822ರಲ್ಲೇ!! ಎಲ್ಲರಿಗೂ ಕಳಿಸಿ!!

ದೊಡ್ಡಪ್ಪ: ಅಳಿಯಂದಿರು ದಯವಿಟ್ಟು ಇಂಥದ್ದನ್ನು ಹಾಕಬಾರದು.

ನಾನು: ಭಾವ, ಇದೊಂದರಲ್ಲಿ ನಾನು ದೊಡ್ಡಪ್ಪನ ಕಡೆ.

ಭಾವ: ಮಾವ, ನನಗೂ ಯಾರೋ ಕಳಿಸಿದ್ದು. ಆದ್ರೆ ಕೇಳಿದೆ, ನಿಜವಾಗ್ಲೂ ಹಾಗೇ ಇದೆಯಲ್ಲ?

(ಭಾವನ ಮಾತನ್ನು ಪೂರ್ತಿ ಗಾಳಿಗೆ ತೂರುವ ಹಾಗಿಲ್ಲ. ಬೀಥೋವನ್‌ನ ಕೊನೆಯ ಪಿಯಾನೋ ಸೊನಾಟಾ, ಆಪಸ್ 111ರ ಎರಡನೇ ಭಾಗದ ಮೂರನೇ ವೇರಿಯೇಶನ್ ಕೇಳಿದ ಯಾರಿಗೂ ಒಂದು ಕ್ಷಣ ಹಾಗನ್ನಿಸುತ್ತದೆ, ಕುಣಿಯುತ್ತಲೇ ಬರುತ್ತದೆ. ಆದರೆ ಬೂಗಿ ಹುಟ್ಟಿದ್ದು ಅಮೆರಿಕದ ಕರಿಯ ಸಂಗೀತಗಾರರ ಕೈಯಲ್ಲಿ. ಶ್ರುತಿ ತಪ್ಪಿದ ಪಿಯಾನೋಗಳ ಮೇಲೆ, ಕುಣಿಯುವವರ ಗದ್ದಲವನ್ನು ಮೀರಿಸಿ ಕೇಳಬೇಕಾಗಿದ್ದ ಸಂಗೀತ ಅದು. ಅವರು ಆಪಸ್ 111 ಕೇಳಿ ಕಲಿತವರಲ್ಲ.)

ನಾನು: ದೊಡ್ಡಪ್ಪ ಒಂದು ಪ್ರಶ್ನೆ. ನಿಮ್ಮ ಬೀರುವಿನಲ್ಲಿ ಬೀಥೋವನ್‌ನ 32 ಸೊನಾಟಾ ಯಾರದಿದೆ?

ದೊಡ್ಡಪ್ಪ: ಗುಲ್ಡಾ. ಅದರ ಮಾತೇಕೆ ಈಗ?

ನಾನು: ಫ್ರೀಡ್ರಿಕ್ ಗುಲ್ಡಾ 1946ರಲ್ಲಿ, 16ನೇ ವಯಸ್ಸಿಗೆ ಜಿನೀವಾ ಸ್ಪರ್ಧೆ ಗೆದ್ದರು. 10 ವರ್ಷ ಆದಮೇಲೆ ನ್ಯೂಯಾರ್ಕ್‌ನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಜಾಝ್ ನುಡಿಸ್ತಿದ್ರು. 1982ರಲ್ಲಿ ಮ್ಯೂನಿಕ್‌ನಲ್ಲಿ ಜಾಝ್ ಪಿಯಾನಿಸ್ಟ್ ಚಿಕ್ ಕೊರಿಯಾ ಜೊತೆ ಎರಡು ಪಿಯಾನೋ ಇಟ್ಟುಕೊಂಡು ಕೂತರು. ಮರುವರ್ಷ ಅದೇ ಜೋಡಿ ಮೊಜಾರ್ಟ್‌ನ ಎರಡು ಪಿಯಾನೋ ಕನ್ಚರ್ಟೋ, ಕೆ 365, ಕಂಡಕ್ಟರ್ ಹಾರ್ನೊನ್‌ಕೂರ್ ಕೈಕೆಳಗೆ ರೆಕಾರ್ಡ್ ಮಾಡಿತು.

ದೊಡ್ಡಪ್ಪ: ಗುಲ್ಡಾನ ಮಾತು ಬೇರೆ.

ನಾನು: ಹೇಗೆ ಬೇರೆ?

ದೊಡ್ಡಪ್ಪ: ಬೇರೆ ಎಂದರೆ ಬೇರೆ.

ಪುಟ್ಟಿ: ಮತ್ತೆ ಕಂಪೋಸರ್ ಕಪೂಸ್ತಿನ್?? ಅವ್ರ 8 ಕನ್ಸರ್ಟ್ ಎಟ್ಯೂಡ್ ಇದೆಯಲ್ಲ ಆಪಸ್ 40, ಕೇಳಿದ್ರೆ ಪಕ್ಕಾ ಜಾಝ್. ಆದ್ರೆ ಒಂದೊಂದು ಸ್ವರನೂ ಬರೆದಿಟ್ಟಿದಾರೆ

ದೊಡ್ಡಪ್ಪ: ಅವರು ಮಾಸ್ಕೋ ಕನ್ಸರ್ವೇಟರಿಯಲ್ಲಿ ಗೋಲ್ಡನ್‌ವೈಸರ್ ಶಿಷ್ಯರು. ಬರೆದ ಸಂಗೀತ. ಅದಕ್ಕೆ ನನ್ನ ತಕರಾರಿಲ್ಲ. ಬಾಯಿಗೆ ಬಂದದ್ದು ಹಾಡಿದ ಹಾಗೆ ಕೈಗೆ ಬಂದದ್ದು ನುಡಿಸುವುದಕ್ಕೆ ತಕರಾರು.

ಅಕ್ಕ: ಅಂದ್ರೆ ಕೇಳೋಕೆ ಎರಡೂ ಒಂದೇ ಥರ ಇದ್ರೂ, ಕಾಗದದ ಮೇಲಿದ್ರೆ ವಿದ್ಯೆ, ಇಲ್ದಿದ್ರೆ ಪುಂಡಾಟ 🙄

ದೊಡ್ಡಪ್ಪ: ನಾನು ಹಾಗೆ ಹೇಳಲಿಲ್ಲ.

ಅಕ್ಕ: ಹಾಗೇ ಹೇಳಿದ್ರಿ ದೊಡ್ಡಪ್ಪ, ಮೇಲಿದೆ ನೋಡಿ

ಮಧ್ಯಾಹ್ನ ಮೂರರ ತನಕ ಎಲ್ಲ ತಣ್ಣಗಿತ್ತು. ಆಮೇಲೆ ಸಣ್ಣತ್ತೆ ಬಂದರು. ಅವರು ನಲವತ್ತು ವರ್ಷ ಮಕ್ಕಳಿಗೆ ಪಿಯಾನೋ ಹೇಳಿಕೊಟ್ಟವರು, ಗುಂಪಿನಲ್ಲಿ ತಿಂಗಳಿಗೊಮ್ಮೆ ಬಾಯಿ ಬಿಡುತ್ತಾರೆ.

ಸಣ್ಣತ್ತೆ: ಈಗ ಫೋನ್ ತೆಗೆದೆ. 63 ಮೆಸೇಜ್ ನೋಡಿ ಯಾರಿಗೇನಾಯ್ತೋ ಅಂತ ಎದೆ ಧಸಕ್ಕಂತು.

ಸಣ್ಣತ್ತೆ: ವಿಡಿಯೋ ಮೂರು ಸಲ ನೋಡಿದೆ. ಅಣ್ಣ ಬಯ್ತಿರೋದೂ ತಪ್ಪು, ನೀವೆಲ್ಲ ಹೊಗಳ್ತಿರೋದೂ ತಪ್ಪು. ಎಡಗಡೆ ಕೂತೋರು ಬೂಗಿ ನುಡಿಸ್ತಿದಾರೆ. ಬಲಗಡೆಯೋರು ಬೂಗಿಯ ಪಾಠ ಒಪ್ಪಿಸ್ತಿದಾರೆ.

ಪುಟ್ಟಿ: ಅಂದ್ರೆ ಸಣ್ಣಜ್ಜಿ?

ಸಣ್ಣತ್ತೆ: 1:50ರಿಂದ ಕಣ್ಣು ಮುಚ್ಚಿಕೊಂಡು ಕೇಳು. ಕೆಳಗಿನ ಎಡಗೈ ಜಿ ಬಿ ಡಿ ಇ ಎಫ್ ಇ ಡಿ ಬಿ ಸ್ವರ, ಬಾರ್‌ಗೆ, ಅಂದ್ರೆ ತಾಳದ ಒಂದು ಸುತ್ತಿಗೆ, ಎಂಟು ಹೊಡೆತ, ನಡೀತಾನೇ ಇರತ್ತೆ. ಆ ಎಂಟೂ ಒಂದೇ ಅಳತೆ ಅಲ್ಲ. ತಾ–ಕ ತಾ–ಕ ತಾ–ಕ ತಾ–ಕ, ಮೊದಲನೇದು ಸ್ವಲ್ಪ ಉದ್ದ, ಎರಡನೇದು ತಡವಾಗಿ ಬಂದು ಓಡಿಹೋಗತ್ತೆ. ಮೇಲಿನ ಬಲಗೈ ಏನ್ಮಾಡ್ತಿದೆ? ತಕ ತಕ ತಕ ತಕ. ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ. ಹತ್ತು ವರ್ಷ ಟಿಕ್ ಟಿಕ್ ಅಂತ ತಾಳ ಹಾಕೋ ಮೆಟ್ರೊನೋಮ್ ಜೊತೆ ಕೂತ ಕೈಗೆ ಇದನ್ನ ಬಿಡೋದೇ ಕಷ್ಟ. ಬೆರಳಿಗೆ ಏನೂ ಕಷ್ಟ ಇಲ್ಲ.

ನಾನು: ಅಂದ್ರೆ ಕ್ಲಾಸಿಕಲ್ ಕಲಿತಿದ್ದೇ ಅಡ್ಡಿ ಅಂತೀರಾ ಅತ್ತೆ?

ಸಣ್ಣತ್ತೆ: ಅಡ್ಡಿ ಅಲ್ವೋ. ಆ ಎಡಗಡೆಯೋರಿಗೆ ಅದೇ ಕಲಿಕೆ ಕೈ ಕೊಟ್ಟಿದೆ ನೋಡು, ಎರಡು ನಿಮಿಷ ಆದ್ರೂ ಮಣಿಕಟ್ಟು ಗಟ್ಟಿಯಾಗಿಲ್ಲ, ವೇಗ ಕೂದಲೆಳೆಯಷ್ಟೂ ಏರಿಲ್ಲ. ಎಡಗೈ ತಾಳ ಹಿಡೀಬೇಕು, ಬಲಗೈ ಅದರ ಮೇಲೆ ಹಿಂದೆ ಮುಂದೆ ಆಡ್ಬಹುದು ಅನ್ನೋದನ್ನ ಶೋಪ್ಯಾನೂ ಶಿಷ್ಯರಿಗೆ ಹೇಳ್ತಿದ್ದ. ಬಲಗಡೆಯೋರು ಆ ಪಾಠ ಮರೆತಿದಾರೆ ಅಷ್ಟೇ.

ಸಣ್ಣತ್ತೆ: ಇನ್ನೊಂದು ಚಂದ ಯಾರೂ ಗಮನಿಸಿಲ್ಲ. ಆ ಸೊನಾಟಾ ಶುರುವಾಗೋದು ಡಿ ಮೇಜರ್‌ನಲ್ಲಿ, ಅಂದ್ರೆ ಡಿ ಸ್ವರಾನೇ ಸಾ ಮಾಡ್ಕೊಂಡು. ಅವರು ಅಲ್ಲಿಂದ ಯಾಕೆ ಹಾರಲಿಲ್ಲ? ಜಿ ಮೇಜರ್‌ನ ಆಂದಾಂತೆನೇ ಯಾಕೆ ಆರಿಸಿಕೊಂಡ್ರು? ಪುಟ್ಟಿ ಹೇಳು.

ಪುಟ್ಟಿ: ಶಾರ್ಪ್ ಕಮ್ಮಿ ಅಂತಾನಾ

ಸಣ್ಣತ್ತೆ: ಪಿಯಾನೋ ಹತ್ರ ಹೋಗಿ ಕೂತ್ಕೋ. ಬೂಗಿಯಲ್ಲಿ ಎರಡು ಸ್ವರದ ಮಧ್ಯೆ ಜಾರಬೇಕು. ಪಿಯಾನೋದಲ್ಲಿ ಜಾರೋಕೆ ತಂತಿ ಎಳೆಯೋ ಹಾಗಿಲ್ಲ, ಹಾಗಾಗಿ ಒಂದೇ ಬೆರಳು ಕರಿಮನೆಯಿಂದ ಪಕ್ಕದ ಬಿಳಿಮನೆಗೆ ಜಾರಿ ಬೀಳತ್ತೆ. ಜಿ ಯಲ್ಲಿ ಬಿ-ಫ್ಲಾಟ್‌ನಿಂದ ಬಿ ಗೆ. ಕರಿಯಿಂದ ಬಿಳಿಗೆ, ಇಳಿಜಾರು. ಈಗ ಡಿ ಯಲ್ಲಿ ಅದನ್ನೇ ಮಾಡು.

ಪುಟ್ಟಿ: ಎಫ್‌ನಿಂದ ಎಫ್-ಶಾರ್ಪ್... ಬಿಳಿಯಿಂದ ಕರಿಗೆ ಹತ್ತಬೇಕು! ಬೆರಳು ಡಿಕ್ಕಿ ಹೊಡೀತು 😅

ಸಣ್ಣತ್ತೆ: ಎರಡು ಬೆರಳಲ್ಲಿ ಮಾಡ್ಬಹುದು, ಆ ಸುಖ ಬರಲ್ಲ. ಅದಕ್ಕೇ ಅವರು ಜಿ ಬರೋವರೆಗೆ ಸುಮ್ಮನೆ ಕಾದಿದ್ದು. ಇದು ಪುಂಡಾಟ ಅಲ್ಲ ಅಣ್ಣ, ಕೂತು ಯೋಚನೆ ಮಾಡಿದ ಕೆಲಸ.

ದೊಡ್ಡಪ್ಪ: ಯೋಚನೆ ಮಾಡಿ ಕದ್ದರೆ ಕಳ್ಳತನ ಅಲ್ಲವೆ? ಮೊಜಾರ್ಟ್‌ನ ಮಧ್ಯೆ ಕೈಹಾಕಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ಸಣ್ಣತ್ತೆ: ಮೊಜಾರ್ಟೇ ಕೊಟ್ಟ. 1781ರ ಕ್ರಿಸ್‌ಮಸ್ ಹಿಂದಿನ ರಾತ್ರಿ ವಿಯೆನ್ನಾದಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಎದುರು ಅವನಿಗೂ ಪಿಯಾನೋ ನುಡಿಸೋ ಕ್ಲೆಮೆಂಟಿಗೂ ಪಂದ್ಯ ಆಯ್ತಲ್ಲ. ಕೊನೆಗೆ ಏನ್ಮಾಡಿದ್ರು? ಇನ್ಯಾರದೋ ಸೊನಾಟಾದಿಂದ ಒಂದು ಥೀಮ್ ಎತ್ಕೊಂಡು ಎರಡು ಪಿಯಾನೋ ಮೇಲೆ ಇಬ್ಬರೂ ಅಲ್ಲೇ ಬೆಳೆಸಿದ್ರು. ಬರೆದಿಟ್ಟುಕೊಂಡು ಬಂದಿದ್ರಾ?

ದೊಡ್ಡಪ್ಪ: ಆ ಕಥೆಯ ಉಳಿದರ್ಧ ನುಂಗಬೇಡ. ಮೊಜಾರ್ಟ್ ಆಮೇಲೆ ಅಪ್ಪನಿಗೆ ಕಾಗದ ಬರೆದು ಕ್ಲೆಮೆಂಟಿಯನ್ನು ಬರೀ ಯಂತ್ರ ಎಂದ.

ಸಣ್ಣತ್ತೆ: ಯಾಕೆ ಅಂದ? ಕೈ ಚೆನ್ನಾಗಿದೆ, ಆದ್ರೆ ರುಚಿಯೂ ಇಲ್ಲ ಭಾವವೂ ಇಲ್ಲ ಅಂತ. ನಾನು ಆಗಿನಿಂದ ಬಲಗಡೆಯೋರಿಗೆ ಹೇಳ್ತಿರೋದೂ ಅದನ್ನೇ 🙂

(ಇಲ್ಲಿ ದೊಡ್ಡಪ್ಪ "ಟೈಪ್ ಮಾಡುತ್ತಿದ್ದಾರೆ" ಅಂತ ಆರು ನಿಮಿಷ ತೋರಿಸಿತು. ಏನೂ ಬರಲಿಲ್ಲ.)

ಭಾವ: ಅತ್ತೆ, ಎರಡನ್ನೂ ಚೆನ್ನಾಗಿ ನುಡಿಸೋರು ಯಾರೂ ಇಲ್ವಾ ಹಾಗಾದ್ರೆ?

ಸಣ್ಣತ್ತೆ: ಇದ್ರಲ್ಲ ಅಳಿಯಂದ್ರೇ. ವಿನಿಫ್ರೆಡ್ ಆಟ್‌ವೆಲ್. ಟ್ರಿನಿಡಾಡ್‌ನಲ್ಲಿ ಹುಟ್ಟಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತಾಕೆ. ವೇದಿಕೆ ಮೇಲೆ ಎರಡು ಪಿಯಾನೋ ಇಟ್ಕೊಳ್ತಿದ್ಲು. ಕ್ಲಾಸಿಕಲ್‌ಗೆ ದೊಡ್ಡ ಗ್ರ್ಯಾಂಡು. ರ‍್ಯಾಗ್‌ಟೈಮ್, ಬೂಗಿಗೆ ಗುಜರಿ ಅಂಗಡಿಯಿಂದ ತಂದ ಒಂದು ಲಡಕಾಸಿ ಪಿಯಾನೋ. "ನನ್ನ ಇನ್ನೊಂದು ಪಿಯಾನೋ" ಅಂತಲೇ ಅದಕ್ಕೆ ಹೆಸರು. 1954ರಲ್ಲಿ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲನೇ ಜಾಗಕ್ಕೆ ಹೋದ ಮೊದಲ ಕರಿಯ ಕಲಾವಿದೆ ಆಕೆ.

ದೊಡ್ಡಪ್ಪ: ನೋಡಿದಿರಾ? ಎರಡಕ್ಕೂ ಒಂದೇ ಪಿಯಾನೋ ಸಲ್ಲದು ಎಂದು ಆಕೆಗೂ ಗೊತ್ತಿತ್ತು.

ನಾನು: ದೊಡ್ಡಪ್ಪ ಇದು ಮಾತ್ರ ಸಖತ್ತಾಗಿ ಹೇಳಿದ್ರಿ.

ಸಣ್ಣತ್ತೆ: ಪಿಯಾನೋ ಎರಡು. ಕೈ?

ಪುಟ್ಟಿ: 🔥🔥🔥

ಪುಟ್ಟಿ: ಸಣ್ಣಜ್ಜಿ ನಂದೊಂದು ಪ್ರಶ್ನೆ. ಇಬ್ರು ನುಡಿಸುವಾಗ ಪೆಡಲ್ ಯಾರು ಒತ್ತೋದು

ಸಣ್ಣತ್ತೆ: ಕೆಳಗೆ ಕೂತೋರು, ಅಂದ್ರೆ ಎಡಗಡೆ ಕೂತು ಕೆಳಗಿನ ಸ್ವರ ನುಡಿಸೋರು. ಅದಕ್ಕೇ ಕೆಳಗೆ ಕೂತೋರಿಗೆ ಮೇಲಿನೋರ ಉಸಿರೂ ಕೇಳಿಸ್ಬೇಕು. ಬೂಗಿಗೆ ಪೆಡಲ್ ಹೆಚ್ಚುಕಮ್ಮಿ ಬೇಡವೇ ಬೇಡ, ಒತ್ತಿದ್ರೆ ಎಂಟೂ ಹೊಡೆತ ಕಲಸಿಹೋಗತ್ತೆ. ನಮ್ಮಿಬ್ರಲ್ಲಿ ಯಾವಾಗ್ಲೂ ಅಣ್ಣ ಕೆಳಗೆ, ನಾನು ಮೇಲೆ.

ಅಕ್ಕ: ನೀವಿಬ್ರು ಜನರ ಎದುರು ನುಡಿಸಿದೀರಾ ಅತ್ತೆ?

ದೊಡ್ಡಪ್ಪ: ಆ ವಿಷಯ ಇಲ್ಲಿ ಬೇಡ.

ಸಣ್ಣತ್ತೆ: ಒಂದೇ ಸಲ. ನಂಗೆ ಹನ್ನೊಂದು, ಅಣ್ಣಂಗೆ ಹದಿನಾಲ್ಕು. ಅರ್ಧದಲ್ಲಿ ಪುಟ ತಿರುಗಿಸೋಕೆ ಹೋದೆ, ಪುಸ್ತಕಾನೇ ಜಾರಿ ಪೆಡಲ್ ಹತ್ರ ಬಿತ್ತು. ನಾನು ಬೆಂಚಿನಿಂದ ಇಳಿದು ಕೆಳಗೆ ತಡಕಾಡ್ತಿದೀನಿ, ಕಣ್ಣಲ್ಲಿ ನೀರು. ಅಣ್ಣ ನಿಲ್ಲಿಸಲೇ ಇಲ್ಲ. ಎಡಗೈಯಲ್ಲಿ ಆ ಒಂದೇ ಬಾರ್ ತಿರುಗಿ ತಿರುಗಿ ನುಡಿಸ್ತಾ ಕೂತ. ನಾನು ಎದ್ದು, ಪುಟ ಹುಡುಕಿ, ಬೆರಳಿಡೋವರೆಗೆ ಐದು ಸಲವೋ ಆರು ಸಲವೋ. ಕೇಳ್ತಿದ್ದೋರಲ್ಲಿ ಅರ್ಧ ಜನಕ್ಕೆ ಏನೂ ಗೊತ್ತಾಗ್ಲಿಲ್ಲ.

ಸಣ್ಣತ್ತೆ: ಆಮೇಲೆ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ, ಅದು ಬೇರೆ.

ದೊಡ್ಡಪ್ಪ: ಮೂರು ದಿನ.

ಸಣ್ಣತ್ತೆ: ಆ ಐದು ಬಾರ್ ಯಾವ ಪುಸ್ತಕದಲ್ಲಿ ಬರೆದಿತ್ತು ಅಣ್ಣ?

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಅದು ಅನಿವಾರ್ಯ. ಸಂಗೀತ ಅಲ್ಲ.

ಸಣ್ಣತ್ತೆ: ಅದಕ್ಕೆ ಜಾಝ್‌ನೋರು ವ್ಯಾಂಪ್ ಅಂತಾರೆ. ಜೊತೆಯೋರು ಬರೋವರೆಗೆ ಕಾಯೋದು.

ರಾತ್ರಿ ಒಂಬತ್ತರವರೆಗೆ ಯಾರೂ ಏನೂ ಹಾಕಲಿಲ್ಲ. ನಾನಂತೂ ಆಮನ್ಸ್ ಮತ್ತು ಜಾನ್ಸನ್ 1941ರಲ್ಲಿ ಎರಡು ಪಿಯಾನೋ ಮೇಲೆ ಮಾಡಿದ ರೆಕಾರ್ಡುಗಳನ್ನು ಹಾಕಿಕೊಂಡು ಕೂತೆ. ಯಾವುದು ಯಾರ ಕೈ ಅಂತ ಬಿಡಿಸಲು ನೋಡಿದೆ, ಎರಡನೇ ರೆಕಾರ್ಡಿಗೆ ಕೈಬಿಟ್ಟೆ.

ಪುಟ್ಟಿ: (ಆಡಿಯೋ, 0:38)

ಪುಟ್ಟಿ: ಎಡಗೈ ಮಾತ್ರ. ನಗಬೇಡಿ

ಭಾವ: ಸೂಪರ್ ಮಗಳೇ 👏

ಅಕ್ಕ: ಪಕ್ಕದ ಕೋಣೇಲಿ ಇದ್ದುಕೊಂಡು ಇಲ್ಲಿ ಸೂಪರ್ ಅಂತೀರಲ್ಲ

ಸಣ್ಣತ್ತೆ: ತಾ–ಕ ಬಂದಿದೆ. ಚೆನ್ನಾಗಿದೆ ಪುಟ್ಟಿ.

ದೊಡ್ಡಪ್ಪ: ಮೂರನೇ ಬಾರ್‌ನಿಂದ ಓಡುತ್ತಿದ್ದೀಯ. ಮಣಿಕಟ್ಟು ಬಿಗಿ ಆಗಿದೆ, ಕೇಳಿದರೇ ಗೊತ್ತಾಗುತ್ತದೆ. ಮತ್ತೆ ಸಿ ಗೆ ಹೋಗಬೇಕಾದ್ದು ಐದನೇ ಬಾರ್‌ಗೆ, ನೀನು ನಾಲ್ಕರಲ್ಲೇ ಹೋದೆ.

ಪುಟ್ಟಿ: ದೊಡ್ಡಜ್ಜ!! ನಿಮಗೆ 12 ಬಾರ್ ಬ್ಲೂಸ್ ಗೊತ್ತಾ, ಬೂಗಿ ಸುತ್ತೋ ಆ ಲೆಕ್ಕ???

ದೊಡ್ಡಪ್ಪ: ನನಗೆ ಎಣಿಸಲು ಬರುತ್ತದೆ. ನಾಳೆ ನಿಧಾನವಾಗಿ ನುಡಿಸಿ ಇನ್ನೊಮ್ಮೆ ಕಳಿಸು.