ಮರಳುಗಾಡೋ ಬೆಟ್ಟವೋ? ಇಬ್ಬರೇ ಮದುವೆಯಾಗಲು ಜಾಗ ಬೇಕು

ಹಾಲ್ ಬೇಡ, ನೂರಾರು ಜನ ಬೇಡ. ನಾವಿಬ್ಬರು, ಸಾಕ್ಷಿಗಳು, ಒಬ್ಬ ಫೋಟೋಗ್ರಾಫರ್, ಅಷ್ಟೇ. ನನಗೆ ಮರಳುಗಾಡು ಇಷ್ಟ, ಅವಳಿಗೆ ಬೆಟ್ಟದ ತುದಿ. ಫೋಟೋ ನೋಡಿ ನೋಡಿ ತಲೆ ಕೆಟ್ಟಿದೆ. ನಿಜಕ್ಕೂ ಏನು ನೋಡಿ ಆರಿಸಬೇಕು?

ಉತ್ತರ 1:
ಫೋಟೋ ಪಕ್ಕಕ್ಕಿಡಿ, ಮೊದಲು ತಿಂಗಳು ಗಟ್ಟಿ ಮಾಡಿ. ಮರಳುಗಾಡಿನಲ್ಲಿ ಬೇಸಿಗೆಯ ಮಧ್ಯಾಹ್ನ ನಿಲ್ಲಲಿಕ್ಕೇ ಆಗುವುದಿಲ್ಲ, ಅದೇ ಜಾಗ ಹೊತ್ತು ಮುಳುಗಿದ ಮೇಲೆ ಬೇಗ ತಣ್ಣಗಾಗುತ್ತದೆ, ಯಾಕೆಂದರೆ ಒಣ ಗಾಳಿ ಮತ್ತು ಮೋಡವಿಲ್ಲದ ಆಕಾಶ ಶಾಖವನ್ನು ಹಿಡಿದಿಡುವುದಿಲ್ಲ. ಬೆಟ್ಟದಲ್ಲಿ 1000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ಕಡಿಮೆ. 2500 ಮೀಟರ್ ದಾಟಿದರೆ ಕೆಲವರಿಗೆ ತಲೆನೋವು, ವಾಕರಿಕೆ ಬರುತ್ತದೆ. ಒಂದೆರಡು ದಿನ ಮುಂಚೆಯೇ ಹೋಗಿ. ಮದುವೆ ದಿನ ವಾಂತಿ ಮಾಡುತ್ತಾ ನಿಂತರೆ ಚೆನ್ನಾಗಿರಲ್ಲ, ಅಲ್ವಾ?

ಉತ್ತರ 2:
ಬೆಳಕನ್ನೂ ನೋಡಿ. ಪಶ್ಚಿಮಕ್ಕೆ ಎತ್ತರದ ಬೆಟ್ಟ ಇದ್ದರೆ ಆ್ಯಪ್ ಹೇಳುವ ಸೂರ್ಯಾಸ್ತಕ್ಕಿಂತ ಎಷ್ಟೋ ಮೊದಲೇ ನೆರಳು ಬೀಳುತ್ತದೆ. ನಮಗೆ ಹೀಗೇ ಆಯಿತು, ಉಂಗುರ ಹಾಕುವಷ್ಟರಲ್ಲಿ ಬಿಸಿಲೇ ಇಲ್ಲ! ಬೇಸಿಗೆಯಲ್ಲಿ ಬೆಟ್ಟದ ಮೇಲೆ ಗುಡುಗು ಮಳೆ ಬರುವುದು ಮಧ್ಯಾಹ್ನದ ನಂತರವೇ ಜಾಸ್ತಿ, ಹಾಗಾಗಿ ಬೆಳಗಿನ ಜಾವವೇ ವಾಸಿ.

ಉತ್ತರ 3:
ಮರಳುಗಾಡಿನ ಕಿರಿದಾದ ಕಮರಿಯೊಳಗೆ ಮಾತ್ರ ಬೇಡ. ದೂರದಲ್ಲೆಲ್ಲೋ ಮಳೆ ಸುರಿದರೂ ನೀರು ಇಲ್ಲಿಗೆ ನುಗ್ಗುತ್ತದೆ. ಆಮೇಲೆ, ಸಂರಕ್ಷಿತ ಜಾಗವಾದರೆ ಅನುಮತಿ ಕೇಳಿ, ನಾಲ್ಕು ಜನರಿಗೂ ಬೇಕಾಗಬಹುದು. ಉದ್ದನೆಯ ವೇಲ್ ಬೇಡ ಅಂತ ಅವರಿಗೆ ಹೇಳಿ, ಗಾಳಿಗೆ ಮುಖಕ್ಕೇ ಸುತ್ತಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:
ವೇಲ್ ವಿಷಯ ನೀವೇ ಹೇಳಿ, ನನಗೆ ಧೈರ್ಯ ಇಲ್ಲ.