ಪದ ಬೇಕು: ಲೈಸೆನ್ಸಿಗೂ ಪರ್ಮಿಟ್ಟಿಗೂ ಪರವಾನಗಿಯೇ?

ಸು. (ಸನಿವೇಲ್, ಕ್ಯಾಲಿಫೋರ್ನಿಯಾ):
ತುರ್ತು, ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಇಲ್ಲಿ ಮನೆ ರಿಪೇರಿ ಮಾಡಿಸುವ ನಮ್ಮ ಹಿರಿಯರಿಗಾಗಿ ಒಂದು ಪುಟದ ಕರಪತ್ರ. ಕಂಟ್ರಾಕ್ಟರನ್ನು ಗೊತ್ತು ಮಾಡುವ ಮುಂಚೆ ಎರಡು ಕಡೆ ನೋಡಬೇಕು. ಅವನ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಬಾಂಡ್ (ಗ್ರಾಹಕರಿಗೆ ನಷ್ಟವಾದರೆ ಅನ್ನುವ ಖಾತರಿ) ಇದೆಯೇ, ಶಿಸ್ತುಕ್ರಮ ಆಗಿದೆಯೇ ಅನ್ನುವುದು ರಾಜ್ಯದ ಲೈಸೆನ್ಸ್ ಮಂಡಳಿಯ ಜಾಲತಾಣದಲ್ಲಿ ಸಿಗುತ್ತದೆ. ಹಿಂದೆ ಒಂದೊಂದು ಕೆಲಸಕ್ಕೆಂದು ಅವನು ತೆಗೆಸಿದ ಪರ್ಮಿಟ್‌ಗಳು ಕೊನೆಯ ಇನ್‌ಸ್ಪೆಕ್ಷನ್ ಪಾಸಾಗಿವೆಯೇ ಅನ್ನುವುದು ಅಲ್ಲಿಲ್ಲ, ಊರಿನ ಕಟ್ಟಡ ಇಲಾಖೆಯಲ್ಲಿ ಕೇಳಬೇಕು. ನಿಘಂಟು ಎರಡಕ್ಕೂ "ಪರವಾನಗಿ" ಅನ್ನುತ್ತದೆ. ಅವನು ಜೇಬಿನಿಂದ ಲೈಸೆನ್ಸ್ ಕಾರ್ಡ್ ತೆಗೆದು ತೋರಿಸಿದರೆ "ಪರವಾನಗಿ ಇದೆಯಲ್ಲ" ಎಂದು ನಮ್ಮವರು ಸುಮ್ಮನಾಗಿಬಿಡುತ್ತಾರೆ. "ಪರ್ಮಿಟ್ ಹಿಸ್ಟರಿ"ಗೂ ಒಂದು ಕೊಡಿ. ಒಬ್ಬರು "ಪರವಾನಗಿ ಇತಿಹಾಸ" ಎಂದು ಬರೆದುಕೊಟ್ಟಿದ್ದಾರೆ, ಕದಂಬರ ಕಾಲದಿಂದ ಶುರುವಾಗುವಂತಿದೆ.

ಕೆ. (ಮೈಸೂರು):
ಲೈಸೆನ್ಸಿಗೆ ಅನುಜ್ಞಾಪತ್ರ, ಪರ್ಮಿಟ್ಟಿಗೆ ರಹದಾರಿ. ಸಾರಿಗೆ ಇಲಾಖೆಯಲ್ಲಿ ಎಂದೋ ಬಳಕೆಗೆ ಬಂದಿವೆ. ಚರ್ಚೆಗೇನಿದೆ?

ಎಂ. (ಹುಬ್ಬಳ್ಳಿ):
ರಹದಾರಿ ಲಾರಿಗೆ ರೀ. ಪಾರಸಿ "ರಾಹ್" ಅಂದ್ರ ದಾರಿ. ಬಚ್ಚಲಮನಿ ಎಲ್ಲಿಗೆ ಹೊಂಟೈತ್ರಿ ಸರ?

ಜಿ. (ಶಿವಮೊಗ್ಗ):
ಪರವಾನಗಿ ಪಾರಸಿಯದು, ಅನುಜ್ಞೆ ಸಂಸ್ಕ್ರುತದ್ದು. ನಮ್ಮದೇ "ಒಪ್ಪಿಗೆ" ಇರುವಾಗ ಕಂಡವರ ಮನೆಯಿಂದ ಎರವಲು ತರುವ ಚಾಳಿ ಯಾಕೆ? ಲೈಸೆನ್ಸ್: ಕಸುಬೊಪ್ಪಿಗೆ. ಪರ್ಮಿಟ್: ಕಟ್ಟೊಪ್ಪಿಗೆ. ಕಂಟ್ರಾಕ್ಟರ್: ಕಟ್ಟುಗ.

ಎಂ.:
ಕಸುಬು ಅರಬ್ಬಿ "ಕಸ್ಬ್"ನಿಂದ ಬಂದದ್ದು. ಎರವಲು ಬ್ಯಾಡ ಅನ್ನೋರು ಮೊದ್ಲ ತಮ್ಮ ಮನಿ ಕಡ ತೀರಿಸ್ಬೇಕು.

ಜಿ.:
ಊರೆಲ್ಲ ಆಡುವ ನುಡಿಯಲ್ಲಿ ಬೆರೆತದ್ದು ನಮ್ಮದೇ. ಕಚೇರಿಯವರು ಹೇರಿದ್ದು ಬೇರೆ ಮಾತು.

ಕೆ.:
ಹಾಗಾದರೆ "ಲೈಸೆನ್ಸ್" ಕೂಡ ಬೆರೆತಿದೆ. ನಿಮ್ಮ ತತ್ತ್ವ ಬೇಕಾದಾಗ ಹಿಗ್ಗುತ್ತದೆ, ಬೇಡವಾದಾಗ ಕುಗ್ಗುತ್ತದೆ. ಅಲ್ಲದೆ "ಕಟ್ಟುಗ" ಪುಂಲಿಂಗ. ಹೆಂಗಸರು ಈ ಕೆಲಸ ಹಿಡಿದರೆ ಏನನ್ನುತ್ತೀರಿ?

ವಿ. (ಬೆಂಗಳೂರು):
ಪಾಲಿಕೆಯಲ್ಲಿ ಬಹಳ ವರ್ಷ ಇಂಜಿನಿಯರ್ ಆಗಿದ್ದವನ ಮಾತು. ನಮ್ಮಲ್ಲಿ ಟ್ರೇಡ್ ಲೈಸೆನ್ಸಿಗೆ ಉದ್ದಿಮೆ ಪರವಾನಗಿ, ಮನೆ ಕಟ್ಟಲು ಕಟ್ಟಡ ಪರವಾನಗಿ. ಹಿಂದಿನ ಪದದಿಂದಲೇ ಅರ್ಥ ಹೊರಡುತ್ತದೆ. ಆದರೆ ನಿಮ್ಮ ಹಿರಿಯರಿಗೆ ಅದೂ ಸಾಲದು. ಊರಲ್ಲಿ ಪ್ಲಾನ್ ಸ್ಯಾಂಕ್ಷನ್ ಮಾಲೀಕರ ಹೆಸರಿಗೆ ಆಗುತ್ತದೆ, ಮೇಸ್ತ್ರಿಯ ಲೈಸೆನ್ಸ್ ಯಾರೂ ಕೇಳುವುದಿಲ್ಲ, ವೈರಿಂಗಿಗೆ ಮಾತ್ರ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರ ಬೇಕು. ಆ ಅಭ್ಯಾಸದಲ್ಲೇ ಅವರು ಓದುವುದು. ಲೈಸೆನ್ಸ್ ಆಳಿನದು, ಪರ್ಮಿಟ್ ಆ ಒಂದು ಕೆಲಸದ್ದು ಎಂದು ವಾಕ್ಯದಲ್ಲೇ ಬರೆಯಿರಿ, ಹೊಸ ಪದ ಕಟ್ಟಬೇಡಿ. ಕಟ್ಟಿದ ಮೇಲೆ ವಾಸಕ್ಕೆ ಕೊಡುವ ಓಸಿಗೆ (ಆಕ್ಯುಪೆನ್ಸಿ ಸರ್ಟಿಫಿಕೇಟ್) "ಸ್ವಾಧೀನಾನುಭವ ಪತ್ರ" ಎಂದು ಬರೆದೆವು. ಕೌಂಟರಿನಲ್ಲಿ ಹಾಗೆ ಕೇಳಿದವರನ್ನು ನಾನು ನೋಡಿಲ್ಲ.

ಸು.:
ವಿ. ಸಾರ್, ಉಪಕಾರವಾಯಿತು. ಈಗ ಹೀಗಿದೆ:

"ಗುತ್ತಿಗೆದಾರರ ಲೈಸೆನ್ಸ್ ನಂಬರ್ ಕೇಳಿ, ಮಂಡಳಿಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ವೈರಿಂಗಿಗೆ ಸಿ-10, ಕೊಳಾಯಿಗೆ ಸಿ-36 ವರ್ಗ ಇರಬೇಕು. ಲೈಸೆನ್ಸ್ ಇದ್ದ ಮಾತ್ರಕ್ಕೆ ನಿಮ್ಮ ಮನೆಯ ಕೆಲಸಕ್ಕೆ ಪರ್ಮಿಟ್ ಸಿಕ್ಕಿದಂತಲ್ಲ. ಅವರು ಹಿಂದೆ ತೆಗೆಸಿದ ಪರ್ಮಿಟ್‌ಗಳ ದಾಖಲೆಯನ್ನು ಊರಿನ ಕಟ್ಟಡ ಇಲಾಖೆಯಲ್ಲಿ ನೋಡಿ. 'ಪರ್ಮಿಟ್ ನಿಮ್ಮ ಹೆಸರಲ್ಲೇ ತೆಗೆಸಿ' ಎಂದರೆ ಒಪ್ಪಬೇಡಿ, ಹೊಣೆ ನಿಮ್ಮ ತಲೆಗೆ ಬರುತ್ತದೆ. ಮುಂಗಡ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ."

ಕೆ.:
"ಹಾಕಿ ನೋಡಿ" ಗ್ರಾಮ್ಯ. "ನಮೂದಿಸಿ" ಎನ್ನಿ.

ಎಂ.:
ನಮೂದೂ ಪಾರಸಿನ ರೀ.

ಜಿ.:
"ಗುತ್ತಿಗೆದಾರ"ದಲ್ಲಿ "ದಾರ" ಯಾರದು? ಅಚ್ಚಿಗೆ ಮುಂಚೆ ತೆಗೆಯಿರಿ.

ಸು.:
ಅಚ್ಚಿಗೆ ಹೋಗಿಯಾಯಿತು. "ಹಾಕಿ ನೋಡಿ"ಯೂ ಹಾಗೇ ಇದೆ.