ಬಂಡೀಪುರದಲ್ಲಿ ಮಕ್ಕಳ ಜೊತೆ ಟೆಂಟ್ ಹಾಕಬಹುದಾ?

ಪ್ರಶ್ನೆ (ಮಂಡ್ಯ): ಡಿಸೆಂಬರ್ ರಜೆಗೆ ನಾಲ್ಕು ಜನ, ಇಬ್ಬರು ಚಿಕ್ಕ ಮಕ್ಕಳು. ಕಾಡೊಳಗೇ ಟೆಂಟ್ ಹಾಕೋಕೆ ಬಿಡ್ತಾರಾ? ಚಳಿಗೆ ಏನು ಸಿದ್ಧತೆ ಬೇಕು?

ಉತ್ತರ 1: ಬಿಡಲ್ಲ ಸಾರ್, ಬಿಡಲೂಬಾರದು. ಅದು ಹುಲಿ, ಆನೆ ಓಡಾಡೋ ಜಾಗ. ಅರಣ್ಯ ಇಲಾಖೆಯ ವಸತಿಗೃಹ ಮೊದಲೇ ಬುಕ್ ಮಾಡಿ, ಇಲ್ಲಾಂದ್ರೆ ಕಾಡಿನ ಗಡಿಯಾಚೆ ಪರವಾನಗಿ ಇರೋ ಕಡೆ ಟೆಂಟ್ ಹಾಕಿ. ಮೈಸೂರಿಂದ ನಂಜನಗೂಡು, ಗುಂಡ್ಲುಪೇಟೆ ಮೇಲೆ ಸುಮಾರು 80 ಕಿ.ಮೀ. ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ, ಹಾಗಾಗಿ ಮಧ್ಯಾಹ್ನವೇ ತಲುಪಿ. ಸಫಾರಿ ನಡೀತಿದೆಯಾ ಅಂತ ಹೊರಡೋ ಮುಂಚೆ ವಿಚಾರಿಸಿ.

ಉತ್ತರ 2: ಟೆಂಟ್ ಅಡಿಗೆ ಹಾಸೋ ಟಾರ್ಪಾಲು ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಒಳಗೇ ಇರಲಿ. ಹೊರಗೆ ಚಾಚಿದ್ರೆ ಇಬ್ಬನಿ ನೀರು ಅದರ ಮೇಲೆ ಇಳಿದು ತಳದಡಿ ನಿಲ್ಲುತ್ತೆ, ಬೆಳಗಾಗೋಷ್ಟರಲ್ಲಿ ಹಾಸಿಗೆ ಒದ್ದೆ. ಚಳಿ ಅಂತ ಗಾಳಿಕಿಂಡಿ ಪೂರ್ತಿ ಮುಚ್ಚಬೇಡಿ. ಉಸಿರಿನ ಹಬೆ ಬಟ್ಟೆಗೆ ತಾಗಿ ಹನಿಯಾಗಿ ಮೈಮೇಲೆ ತೊಟ್ಟಿಕ್ಕುತ್ತೆ. ಹೊದಿಕೆಗಿಂತ ಕೆಳಗಿನ ಹಾಸು ಮುಖ್ಯ, ಚಳಿ ನೆಲದಿಂದ ಏರುತ್ತೆ. ಟೆಂಟೊಳಗೆ ಇದ್ದಿಲ ಕೆಂಡ ಇಡಲೇಬೇಡಿ, ವಿಷಾನಿಲಕ್ಕೆ ವಾಸನೆಯೇ ಇರಲ್ಲ.

ಪ್ರಶ್ನೆ (ಮಂಡ್ಯ): ಥ್ಯಾಂಕ್ಸ್ ಸಾರ್. ಹಣ್ಣು, ತಿಂಡಿ ಎಲ್ಲಿಡೋದು?

ಉತ್ತರ 1: ಟೆಂಟಲ್ಲಿ ಬೇಡ. ಬಾಳೆಹಣ್ಣಿನ ವಾಸನೆಗೆ ಕೋತಿ ಜಿಪ್ ಹರಿದುಬಿಡುತ್ತೆ, ಆನೆಯೂ ಬರಬಹುದು. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಜಾಗದವರ ಅಡುಗೆಮನೆಯಲ್ಲೇ ಕೊಡಿ. ದಾರೀಲಿ ಗಾಡಿ ನಿಲ್ಲಿಸಿ ಜಿಂಕೆ, ಕೋತಿಗೆ ಬಿಸ್ಕತ್ತು ಹಾಕೋಕೆ ಮಕ್ಕಳನ್ನ ಖಂಡಿತ ಬಿಡಬೇಡಿ. ತಿನ್ನೋ ಆಸೆಗೆ ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯ್ತವೆ.